ಮಂಗಳೂರಿನಿಂದ ಸಲಾಲಾಕ್ಕೆ ರಂಬ್ ಲೈನ್ ಲೆಕ್ಕ

ರಂಬ್ ಲೈನ್ ಎಂದರೆ ಎಲ್ಲ ರೇಖಾಂಶಗಳನ್ನೂ ಒಂದೇ ಕೋನದಲ್ಲಿ ಕತ್ತರಿಸುವ ದಾರಿ. ಕೋರ್ಸ್ (ಹಡಗು ಸಾಗುವ ದಿಕ್ಕು) ಬದಲಿಸುವ ತಲೆನೋವಿಲ್ಲ.

ಹೊರಡುವುದು ನವಮಂಗಳೂರು ಬಂದರಿನಾಚೆ 12°55′ ಉ, 74°40′ ಪೂ. ತಲುಪುವುದು ಒಮಾನಿನ ಸಲಾಲಾ ಎದುರು 16°50′ ಉ, 54°05′ ಪೂ. ಅಕ್ಷಾಂಶ ವ್ಯತ್ಯಾಸ 235′ ಉತ್ತರಕ್ಕೆ, ರೇಖಾಂಶ ವ್ಯತ್ಯಾಸ 1235′ ಪಶ್ಚಿಮಕ್ಕೆ.

ಎರಡೂ ಅಕ್ಷಾಂಶಗಳಿಗೆ ಮೆರಿಡಿಯೋನಲ್ ಪಾರ್ಟ್ಸ್ (ರಂಬ್ ಲೈನ್ ನೇರ ಗೆರೆಯಾಗುವ ಮರ್ಕೇಟರ್ ನಕ್ಷೆಯಲ್ಲಿ ಸಮಭಾಜಕದಿಂದ ಆ ಅಕ್ಷಾಂಶಕ್ಕಿರುವ ದೂರ, ರೇಖಾಂಶದ ಮಿನಿಟುಗಳಲ್ಲಿ) ತೆಗೆಯಿರಿ: 7915.7 × ಲಾಗ್ ಟ್ಯಾನ್ (45° + ಅಕ್ಷಾಂಶದ ಅರ್ಧ). ಲಾಗ್ 10ರ ಆಧಾರದ್ದೇ ಆಗಿರಲಿ. ಬರುವುದು 781.6 ಮತ್ತು 1024.8, ವ್ಯತ್ಯಾಸ 243.2. ಒಂದನ್ನು ಭೂಮಿ ಪೂರ್ತಿ ಗುಂಡಗಿದೆ ಎನ್ನುವ ಈ ಸೂತ್ರದಿಂದ, ಇನ್ನೊಂದನ್ನು ಧ್ರುವಗಳಲ್ಲಿ ತುಸು ಚಪ್ಪಟೆಯಾದ ಭೂಮಿಗೆ ಮಾಡಿದ ಕೋಷ್ಟಕದಿಂದ ತೆಗೆದರೆ ಲೆಕ್ಕ ಕೆಟ್ಟಿತು.

ಟ್ಯಾನ್ ಕೋರ್ಸ್ = 1235 ÷ 243.2, ಅಂದರೆ 78.86°. ಕ್ಯಾಲ್ಕುಲೇಟರ್‌ಗೆ ದಿಕ್ಕು ತಿಳಿಯದು. ನಮ್ಮದು ವಾಯವ್ಯ, ಹಾಗಾಗಿ 360ರಿಂದ ಕಳೆದು 281.1° ಟ್ರೂ (ನಿಜ ಉತ್ತರದಿಂದ ಅಳೆದದ್ದು).

ದೂರ = 235 ÷ ಕಾಸ್ ಕೋರ್ಸ್ = ಸುಮಾರು 1216 ನಾಟಿಕಲ್ ಮೈಲಿ. ಎಡವುವುದು ಇಲ್ಲೇ. ಕೋರ್ಸನ್ನು 79° ಎಂದು ದುಂಡಾಗಿಸಿದರೆ 1232 ಬರುತ್ತದೆ, ಹದಿನಾರು ಮೈಲಿ ಹೆಚ್ಚು! 90°ಯ ಹತ್ತಿರ ಕಾಸ್ ಬಲು ಚಂಚಲ. ಚುಕ್ಕಾಣಿಗೆ 281° ಸಾಕು, ದೂರಕ್ಕೆ ಮಾತ್ರ ದಶಾಂಶ ಬಿಡಬೇಡಿ.

ತಾಳೆಗೆ: ಸರಾಸರಿ ಅಕ್ಷಾಂಶ 14°52.5′ರ ಕಾಸ್ × 1235 = 1193.6, ಇದು ಪಶ್ಚಿಮಕ್ಕೆ ಸಾಗುವ ಮೈಲಿ. ಅದರ ವರ್ಗಕ್ಕೆ 235ರ ವರ್ಗ ಕೂಡಿಸಿ ವರ್ಗಮೂಲ ತೆಗೆದರೆ 1216.5.