ನೆರಳಲ್ಲೂ ಹೊಳೆಯಬೇಕು: ನಿಶ್ಚಿತಾರ್ಥಕ್ಕೆ ವಜ್ರದುಂಗುರ ಮಾಡಿಸುವವರಿಗೆ

ಅಂಗಡಿಯ ದೀಪ ನಂಬಿ ವಜ್ರ ಕೊಳ್ಳಬೇಡಿ. ಮೇಲಿಂದ ಬೀಳುವ ಎಲ್‌ಇಡಿ ಸ್ಪಾಟ್ ಬೆಳಕಿನಲ್ಲಿ ಸಾದಾ ಗಾಜಿನ ಕಲ್ಲೂ ಮಿಣಮಿಣ ಎನ್ನುತ್ತದೆ. ಕೊಡಗಿನಲ್ಲಿ ಉಂಗುರ ತೊಟ್ಟ ಕೈ ದಿನದ ಬಹುಪಾಲು ಇರುವುದು ಸಿಲ್ವರ್ ಓಕ್ ನೆರಳಿನಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗಂತೂ ಮೋಡದ ಕೆಳಗೆ. ಕಲ್ಲನ್ನು ಕಿಟಕಿಯ ಬಳಿಗೆ ತಂದು, ನೇರ ಬಿಸಿಲು ಬೀಳದ ಕಡೆ ಹಿಡಿದು ನೋಡಿ. ಅಲ್ಲೂ ಬೆಳ್ಳಗೆ, ಲವಲವಿಕೆಯಿಂದ ಕಂಡರೆ ಮಾತ್ರ ಬೆಲೆ ಕೇಳಿ. ನಡುವೆ ಮೊಳೆಯ ತಲೆಯಂತೆ ಕಪ್ಪು ಕಂಡರೆ ತಳದ ಭಾಗ ಅತಿ ಆಳವಾಗಿದೆ ಎಂದರ್ಥ. ಒಳಗೊಂದು ಬೂದು ಬಳೆ ಕಂಡರೆ, ಅದನ್ನು ಮೀನಿನ ಕಣ್ಣು ಎನ್ನುತ್ತಾರೆ, ತಳ ತೀರ ಚಪ್ಪಟೆ. ಎರಡೂ ಬೇಡ, ಎಷ್ಟೇ ರಿಯಾಯಿತಿ ಕೊಟ್ಟರೂ.

ಇದೆಲ್ಲ ಕಟ್‌ಗೆ, ಅಂದರೆ ಕಲ್ಲನ್ನು ಕತ್ತರಿಸಿದ ಬಗೆಗೆ, ಸೇರಿದ್ದು, ದುಡ್ಡು ಮೊದಲು ಹೋಗಬೇಕಾದದ್ದೂ ಇಲ್ಲಿಗೇ. ಗುಂಡು ಬ್ರಿಲಿಯಂಟ್ ಕಲ್ಲಾದರೆ ಪ್ರಮಾಣಪತ್ರದಲ್ಲಿ ನಾಲ್ಕು ಅಂಕಿ ಹುಡುಕಿ: ಟೇಬಲ್ (ಮೇಲಿನ ಸಪಾಟು ಮುಖ) ಕಲ್ಲಿನ ಅಗಲದ ಶೇ. 54ರಿಂದ 58, ಒಟ್ಟು ಆಳ ಅಗಲದ ಶೇ. 60ರಿಂದ 62.5, ಮೇಲಿನ ಕ್ರೌನ್ ಕೋನ 34ರಿಂದ 35 ಡಿಗ್ರಿ, ತಳದ ಪೆವಿಲಿಯನ್ ಕೋನ 40.6ರಿಂದ 41 ಡಿಗ್ರಿ. ನಾಲ್ಕೂ ಈ ಮಿತಿಯೊಳಗಿದ್ದರೆ ಸಾಮಾನ್ಯವಾಗಿ ಕಲ್ಲು ಮೋಸ ಮಾಡುವುದಿಲ್ಲ. ವಜ್ರ ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಜಿಐಎ ಸಂಸ್ಥೆ 2006ರಿಂದ ಗುಂಡು ಕಲ್ಲಿಗೆ ಕಟ್ ದರ್ಜೆ ಕೊಡುತ್ತಿದೆ. 'ಎಕ್ಸಲೆಂಟ್'ಗಿಂತ ಕೆಳಗೆ ಇಳಿಯಬೇಡಿ. ಓವಲ್, ಪೇರ್, ಮಾರ್ಕೀಸ್ ಆಕಾರಗಳ ಪತ್ರದಲ್ಲಿ ಆ ಸಾಲು ಸಾಮಾನ್ಯವಾಗಿ ಇರುವುದಿಲ್ಲ, ಅಲ್ಲಿ ಕಣ್ಣೇ ಗತಿ. ಓವಲ್ ಕಲ್ಲನ್ನು ಅತ್ತಿತ್ತ ವಾಲಿಸಿದಾಗ ನಡುವೆ ಚಿಟ್ಟೆಯಾಕಾರದ ಕಪ್ಪು ನೆರಳು ಕದಲದೆ ಉಳಿದರೆ ಬಿಟ್ಟುಬಿಡಿ.

ತೂಕದ ಮಾತು ನಮಗೆ ಸಲೀಸು. ಜಾಗಕ್ಕೆ ಹೇಗೆ 1 ಎಕರೆಗೆ 100 ಸೆಂಟೋ, ವಜ್ರಕ್ಕೂ 1 ಕ್ಯಾರೆಟ್‌ಗೆ 100 ಸೆಂಟ್. 1 ಕ್ಯಾರೆಟ್ ಎಂದರೆ 0.2 ಗ್ರಾಂ, ಅಷ್ಟೆ. ಚಿನ್ನದ ಕ್ಯಾರೆಟ್ ಬೇರೆ, ಅದು ಶುದ್ಧತೆಯ ಅಳತೆ. ಒಂದೇ ಬಿಲ್ಲಿನಲ್ಲಿ ಎರಡೂ ಬರುವುದರಿಂದ ಗೊಂದಲ ಬೇಡ. ಚೆನ್ನಾಗಿ ಕತ್ತರಿಸಿದ 30 ಸೆಂಟಿನ ಗುಂಡು ಕಲ್ಲು ಸುಮಾರು 4.3 ಮಿ.ಮೀ. ಅಗಲ, 50 ಸೆಂಟಿನದು 5.1, 1 ಕ್ಯಾರೆಟ್ 6.5. ಬೆಲೆ ಏರುವುದು ಮೆಟ್ಟಿಲು ಮೆಟ್ಟಿಲಾಗಿ, 50, 70, 100 ಸೆಂಟುಗಳಲ್ಲಿ. 50ರ ಬದಲು 47 ಸೆಂಟಿನ ಕಲ್ಲು ಕೇಳಿ: ಅಗಲದಲ್ಲಿ ಕಳೆದುಕೊಳ್ಳುವುದು 0.1 ಮಿ.ಮೀ., ಯಾರ ಕಣ್ಣಿಗೂ ಬೀಳದು. ತದ್ವಿರುದ್ಧವೂ ನಡೆಯುತ್ತದೆ. ತೂಕ 50 ದಾಟಿಸಲೆಂದೇ ಸೊಂಟ (ಕಲ್ಲಿನ ಅತಿ ಅಗಲದ ಅಂಚು) ದಪ್ಪ ಬಿಟ್ಟು ಕತ್ತರಿಸಿದ ಕಲ್ಲುಗಳಿವೆ. ಪತ್ರದಲ್ಲಿ ತೂಕ 50 ಸೆಂಟ್, ಅಗಲ 4.9 ಮಿ.ಮೀ. ಎಂದಿದ್ದರೆ ನೀವು ಕೊಡುತ್ತಿರುವುದು ಕಾಣದ ತೂಕಕ್ಕೆ.

ಬಣ್ಣದ ದರ್ಜೆ ಡಿಯಿಂದ ಜೆಡ್‌ವರೆಗೆ: ಡಿ ಬಣ್ಣವಿಲ್ಲದ್ದು, ಮುಂದೆ ಹೋದಂತೆ ಹಳದಿ ಛಾಯೆ ಹೆಚ್ಚು. ಬಿಳಿ ಚಿನ್ನ, ಪ್ಲಾಟಿನಮ್‌ಗೆ ಜಿ ಅಥವಾ ಎಚ್ ಸಾಕು. ಹಳದಿ ಚಿನ್ನಕ್ಕೆ ಜೆ ಆದರೂ ಹಾನಿಯಿಲ್ಲ, ಲೋಹದ ಹಳದಿಯೇ ಮುಚ್ಚಿಬಿಡುತ್ತದೆ. ನೋಡುವಾಗ ಕಲ್ಲನ್ನು ಬೋರಲು ಹಾಕಿ, ಬಿಳಿ ಕಾಗದದ ಮೇಲೆ, ಪಕ್ಕದಿಂದ ನೋಡಿ. ಮುಂಗಾರಿನ ಮೋಡದ ಬೆಳಕಿಗಿಂತ ಒಳ್ಳೆಯ ಬೆಳಕು ಇದಕ್ಕೆ ಸಿಗದು. ನಿರ್ಮಲತೆಯಲ್ಲಿ, ಅಂದರೆ ಒಳಗೆ ಚುಕ್ಕೆ-ಬಿರುಕು ಎಷ್ಟಿವೆ ಎಂಬ ದರ್ಜೆಯಲ್ಲಿ, ವಿಎಸ್2 ಸಾಕು, ಬರಿಗಣ್ಣಿಗೆ ಏನೂ ಕಾಣದಿದ್ದರೆ ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಎಸ್‌ಐ1 ಕೂಡ ಆದೀತು. ಸೊಂಟದವರೆಗೆ ಬಂದ ಬಿರುಕು ಮಾತ್ರ ಬೇಡ. ಕೂರಿಸುವಾಗ ಒತ್ತಡ ಬೀಳುವುದು ಅಲ್ಲಿಗೇ. ವಜ್ರ ಗಟ್ಟಿ ನಿಜ, ಆದರೆ ಸೀಳುವ ದಿಕ್ಕುಗಳಿವೆ, ಏಟಿಗೆ ಚಕ್ಕೆ ಏಳುತ್ತದೆ.

ಲ್ಯಾಬ್‌ನಲ್ಲಿ ಬೆಳೆಸಿದ ವಜ್ರವೂ ವಜ್ರವೇ. ಎಚ್‌ಪಿಎಚ್‌ಟಿ (ಅತಿ ಒತ್ತಡ, ಅತಿ ಶಾಖ), ಸಿವಿಡಿ (ಅನಿಲದಿಂದ ಪದರ ಪದರವಾಗಿ) ಎಂಬ ಎರಡು ವಿಧಾನಗಳಲ್ಲಿ ಬೆಳೆಯುತ್ತಾರೆ. ಬೆಲೆ ಬಹಳ ಕಡಿಮೆ, ಮರುಮಾರಾಟದ ಬೆಲೆ ಇನ್ನೂ ಕಡಿಮೆ. ತೊಡಲಿಕ್ಕೆ ಮಾತ್ರ ಎಂದಾದರೆ ಧಾರಾಳವಾಗಿ ಕೊಳ್ಳಿ, ಕಷ್ಟಕಾಲಕ್ಕೆ ಎಂದಾದರೆ ಕೊಳ್ಳಬೇಡಿ. ಅಂಗಡಿಯವರು ಪೆನ್ನಿನಂಥ ಟೆಸ್ಟರ್ ಮುಟ್ಟಿಸಿ 'ನೋಡಿ, ಅಸಲಿ' ಎಂದರೆ ಅದು ಪುರಾವೆಯಲ್ಲ. ಆ ಉಪಕರಣ ಅಳೆಯುವುದು ಶಾಖ ಹರಿಯುವ ವೇಗ. ಲ್ಯಾಬ್ ವಜ್ರಕ್ಕೂ, ಎಷ್ಟೋ ಸಲ ವಜ್ರದಂತೆ ಕಾಣುವ ಮಾಯಿಸನೈಟ್ ಎಂಬ ಬೇರೆ ಕಲ್ಲಿಗೂ ಅದು ಬೀಪ್ ಎನ್ನುತ್ತದೆ. ಜಿಐಎ ಅಥವಾ ಅಂಥದೇ ಇನ್ನೊಂದು ಸಂಸ್ಥೆಯಾದ ಐಜಿಐ ಪತ್ರದ ಸಂಖ್ಯೆಯನ್ನು ಆಯಾ ಸಂಸ್ಥೆಯ ವೆಬ್‌ಸೈಟಿನಲ್ಲಿ ಹಾಕಿ ನೋಡಿ. ಸೊಂಟದ ಮೇಲೆ ಲೇಸರ್‌ನಿಂದ ಕೆತ್ತಿದ ಸಂಖ್ಯೆಯಿದ್ದರೆ 10 ಪಟ್ಟಿನ ಭೂತಗನ್ನಡಿಯಲ್ಲಿ ನೀವೇ ಓದಿ.

ಉಂಗುರ

ನಮ್ಮವರಿಗೆ 22 ಕ್ಯಾರೆಟ್ ಬಿಟ್ಟರೆ ಚಿನ್ನವೇ ಅಲ್ಲ. ವಜ್ರಕ್ಕೆ ಅದು ಒಗ್ಗದು. ಕಲ್ಲು ಹಿಡಿಯುವ ಪ್ರಾಂಗ್‌ಗಳು ಮೆತ್ತಗಿದ್ದರೆ ಒಂದು ದಿನ ಎಲ್ಲೋ ತಾಗಿ ಮೇಲೇಳುತ್ತವೆ, ಕಲ್ಲು ತೋಟದ ದರಗಿನಲ್ಲಿ ಕಣ್ಮರೆ. 18 ಕ್ಯಾರೆಟ್ ಮಾಡಿಸಿ; ಕೈಕೆಲಸ ಹೆಚ್ಚಿದ್ದರೆ 14. ಬಿಳಿ ಚಿನ್ನಕ್ಕೆ ರೋಡಿಯಮ್ ಲೇಪನವಿರುತ್ತದೆ, ಒಂದೆರಡು ವರ್ಷಕ್ಕೊಮ್ಮೆ ಮತ್ತೆ ಹಾಕಿಸಬೇಕು. ನಿಕಲ್ ಬೆರೆತಿದ್ದರೆ ಕೆಲವರ ಬೆರಳಿನಲ್ಲಿ ತುರಿಕೆ ಏಳುತ್ತದೆ. ಪ್ಲಾಟಿನಮ್ ಕರಗಲು 1768 ಡಿಗ್ರಿ ಸೆಲ್ಸಿಯಸ್ ಬೇಕು. ಎಲ್ಲ ಅಕ್ಕಸಾಲಿಗರ ಬಳಿ ಆ ಸಲಕರಣೆ ಇರುವುದಿಲ್ಲ, ಮುಂದೆ ಅಳತೆ ತಿದ್ದಿಸಲೂ ಅಂಥವರನ್ನೇ ಹುಡುಕಬೇಕು.

ಕಾಫಿ ಕೊಯ್ಯುವ, ಮೆಣಸಿನ ಬಳ್ಳಿ ಕಟ್ಟುವ, ಹೋಂಸ್ಟೇ ಅಡುಗೆಮನೆ ನೋಡುವ ಕೈಗೆ ಎತ್ತರದ ಸಾಲಿಟೇರ್ (ಒಂಟಿ ಕಲ್ಲಿನ ಉಂಗುರ) ಹಿಂಸೆ. ಕಲ್ಲಿನ ಸುತ್ತ ಚಿನ್ನದ ಅಂಚು ಮಡಚುವ ಬೆಜಲ್ ವಿಧಾನವೇ ಇಲ್ಲಿಗೆ ಸರಿ ಎಂಬುದು ನಮ್ಮ ಅಭಿಪ್ರಾಯ. ಕಟ್ ಒಳ್ಳೆಯದಿದ್ದರೆ ಹೊಳಪೇನೂ ಕುಂದುವುದಿಲ್ಲ, ಬೆಳಕು ಹೋಗಿ ಬರುವುದು ಮೇಲಿನಿಂದ. ಪ್ರಾಂಗೇ ಬೇಕೆಂದರೆ ನಾಲ್ಕಲ್ಲ, ಆರು. ಒಂದು ಸವೆದರೂ ಉಳಿದವು ಹಿಡಿದಿರುತ್ತವೆ. ಪ್ರಿನ್ಸೆಸ್ ಎಂಬ ಚೌಕ ಕಲ್ಲಿನ ಮೂಲೆಗಳಿಗೆ ವಿ ಆಕಾರದ ಪ್ರಾಂಗ್ ಕಡ್ಡಾಯ. ಪಟ್ಟಿಯ ತಳ 2 ಮಿ.ಮೀ. ಅಗಲ, 1.6 ಮಿ.ಮೀ. ದಪ್ಪ ಇರಲಿ; ತೂಕ ಉಳಿಸಲು 1.2ಕ್ಕೆ ಇಳಿಸಿದರೆ ಉಂಗುರ ಮೊಟ್ಟೆಯಾಕಾರಕ್ಕೆ ತಿರುಗಿ ಕಲ್ಲು ಸಡಿಲವಾಗುತ್ತದೆ. ಸುತ್ತಲೂ ಹರಳು ಕೂರಿಸಿದ ಪಟ್ಟಿಯ ಅಳತೆಯನ್ನು ಮುಂದೆ ತಿದ್ದುವುದು ಹೆಚ್ಚುಕಡಿಮೆ ಅಸಾಧ್ಯ.

ಕೊಡಗಿನ ಹೆಂಗಸರ ಸರವಾದ ಕೊಕ್ಕೆತಾತಿಯ ಅರ್ಧಚಂದ್ರವನ್ನು ಉಂಗುರಕ್ಕೆ ಇಳಿಸುವ ಆಸೆ ಒಳ್ಳೆಯದೇ. ವಜ್ರದ ಕೆಳಗೊಂದು ಬಾಗಿದ ಸಾಲಿನಲ್ಲಿ ಸಣ್ಣ ಕೆಂಪು ಹರಳುಗಳು ಚೆನ್ನಾಗಿ ಒಪ್ಪುತ್ತವೆ. ಕೆಂಪು (ಮಾಣಿಕ್ಯ) 1ರಿಂದ 10ರ ಮೋಸ್ ಗಟ್ಟಿತನದ ಅಳತೆಯಲ್ಲಿ 9, ಉಂಗುರಕ್ಕೆ ತಡೆಯುತ್ತದೆ. ಸೀಸದ ಗಾಜು ತುಂಬಿದ ಅಗ್ಗದ ಕೆಂಪು ಮಾತ್ರ ಬೇಡ, ಬೆಸುಗೆಯ ಶಾಖಕ್ಕೂ ತೊಳೆಯುವ ಆಮ್ಲಕ್ಕೂ ಕೆಟ್ಟುಹೋಗುತ್ತದೆ. ಕೊಕ್ಕೆತಾತಿಯ ಮುತ್ತಿನ ಅಂಚನ್ನು ಅನುಕರಿಸಬೇಡಿ. ಬೆರಳ ಮೇಲೆ ಮುತ್ತು ಬೇಗ ಸವೆಯುತ್ತದೆ. ಇನ್ನು ಅಜ್ಜಿಯ ಜೋಮಾಲೆ (ಚಿನ್ನದ ಗುಂಡುಗಳ ಸರ) ಕರಗಿಸಿ ಉಂಗುರ ಮಾಡಿಸುವ ಯೋಚನೆ: ಅದರ ಟೊಳ್ಳು ಗುಂಡುಗಳ ಒಳಗೆ ಅರಗು ತುಂಬಿರುತ್ತದೆ, ಕರಗಿಸಿದ ಮೇಲೆ ತೂಕ ನೋಡಿ ಬೇಸರವಾಗುತ್ತದೆ, ಮಾಲೆಯೂ ಹೋಗಿರುತ್ತದೆ. ಕರಗಿಸಲೇಬೇಕಿದ್ದರೆ ಮುರಿದ ಬಳೆ, ತುಂಡಾದ ಸರ ಕೊಡಿ. ಬೆಸುಗೆ ಅಷ್ಟಾಗಿ ಇಲ್ಲದ 3 ಗ್ರಾಂ 22 ಕ್ಯಾರೆಟ್ ಚಿನ್ನಕ್ಕೆ ಬೇರೆ ಲೋಹ ಬೆರೆಸಿದರೆ ಸುಮಾರು 3.6 ಗ್ರಾಂ 18 ಕ್ಯಾರೆಟ್ ಆಗಬೇಕು. ಈ ಲೆಕ್ಕ ತಲೆಯಲ್ಲಿಟ್ಟುಕೊಂಡೇ ಮಾತಾಡಿ.

ಕಂಪ್ಯೂಟರ್ ಚಿತ್ರ ನೋಡಿ ಒಪ್ಪಿಗೆ ಕೊಡಬೇಡಿ. ಪರದೆಯ ಮೇಲೆ ಉಂಗುರ ಅಂಗೈಯಷ್ಟು ದೊಡ್ಡದು, ಎಲ್ಲವೂ ಅಂದವೇ. ಎರಕಕ್ಕೆ ಮುಂಚೆ ಮೇಣ ಅಥವಾ ರೆಸಿನ್ ಮಾದರಿ ಕೇಳಿ ಬೆರಳಿಗೆ ಹಾಕಿ. ಮುಷ್ಟಿ ಕಟ್ಟಿ, ಕೈಯನ್ನು ಪ್ಯಾಂಟಿನ ಜೇಬಿಗೆ ತುರುಕಿ ತೆಗೆಯಿರಿ, ರಬ್ಬರ್ ಗ್ಲೌಸ್ ಹಾಕಿ ತೆಗೆಯಿರಿ. ಗ್ಲೌಸ್ ಸಿಕ್ಕಿಕೊಂಡರೆ ತಲೆಭಾಗ ಎತ್ತರವಾಯಿತು. 50 ಸೆಂಟಿನ ಕಲ್ಲಿನ ಆಳವೇ 3.1 ಮಿ.ಮೀ.; ತುದಿ ಚರ್ಮಕ್ಕೆ ತಾಗದಂತೆ ಬಿಟ್ಟು, ಬೆರಳಿನಿಂದ ಒಟ್ಟು 5 ಮಿ.ಮೀ. ದಾಟದಂತೆ ಮಾಡಿಸಬಹುದು.

ಬೆರಳಿನ ಅಳತೆ ಋತುವಿನ ಮೇಲೆ ನಿಂತಿದೆ. ಆಟಿಯ ಚಳಿಮಳೆಯಲ್ಲಿ, ಬೆಳಗ್ಗೆ ಏಳರ ಹೊತ್ತಿಗೆ ಅಳೆದ ಉಂಗುರ ಏಪ್ರಿಲ್ ಮದುವೆಯ ಮಧ್ಯಾಹ್ನ ಗೆಣ್ಣು ದಾಟುವುದಿಲ್ಲ. ಮಧ್ಯಾಹ್ನ ಎರಡು ಗಂಟೆಯ ನಂತರ, ಕೈ ಬೆಚ್ಚಗಿದ್ದಾಗ, ಎರಡು ಬೇರೆ ಬೇರೆ ದಿನ ಅಳೆಯಿರಿ. ದಾರ ಸುತ್ತಿ ಅಳೆದರೆ ತಪ್ಪುತ್ತದೆ. ಲೋಹದ ಅಳತೆ ಬಳೆಗಳನ್ನೇ ಹಾಕಿ, ಪಟ್ಟಿ 4 ಮಿ.ಮೀ.ಗಿಂತ ಅಗಲವಾದರೆ ಅರ್ಧ ಅಳತೆ ಹೆಚ್ಚಿಸಿ. ಮಡಿಕೇರಿ, ವಿರಾಜಪೇಟೆಯಲ್ಲಿ ಆರ್ಡರ್ ಕೊಟ್ಟರೂ ಎರಕ, ಕಲ್ಲು ಕೂರಿಸುವ ಕೆಲಸ ಹೊರಗಿನ ಊರಿಗೆ ಹೋಗುವುದುಂಟು. ಯಾವ ಊರು, ಯಾರ ಹೊಣೆ ಎಂದು ಕೇಳಿ ಬರೆಸಿಕೊಳ್ಳಿ. ಒಟ್ಟು ಆರರಿಂದ ಎಂಟು ವಾರ ಕೈಯಲ್ಲಿರಲಿ.

ಬಿಲ್ಲು, ಕೈಗೆ ಬಂದ ದಿನ

ಬಿಲ್ಲಿನಲ್ಲಿ ಒಟ್ಟು ತೂಕ, ನಿವ್ವಳ ಚಿನ್ನದ ತೂಕ, ಕಲ್ಲಿನ ತೂಕ ಬೇರೆ ಬೇರೆ ಇರಬೇಕು. ಉಂಗುರ 4.00 ಗ್ರಾಂ, ನಡುವಿನ ಕಲ್ಲು 50 ಸೆಂಟ್, ಪಕ್ಕದವು 20 ಸೆಂಟ್ ಎಂದುಕೊಳ್ಳಿ. 70 ಸೆಂಟ್ ಎಂದರೆ 0.14 ಗ್ರಾಂ, ಚಿನ್ನ 3.86. ನಾಲ್ಕು ಗ್ರಾಮಿಗೆ ಚಿನ್ನದ ದರ ಹಾಕಿದ್ದರೆ ವಜ್ರಕ್ಕೆ ಎರಡು ಸಲ ದುಡ್ಡು ಕೊಟ್ಟಂತೆ. ದರ ಹಾಕುವಾಗ 18 ಕ್ಯಾರೆಟ್‌ನದೇ ಹಾಕಿದ್ದಾರೆಯೇ, ಮಜೂರಿಯ ಜೊತೆಗೆ ವೇಸ್ಟೇಜ್ ಬೇರೆ ಸೇರಿಸಿದ್ದಾರೆಯೇ ನೋಡಿ. ಎಲ್ಲ ಕೂಡಿದ ಮೇಲೆ ಆಭರಣಕ್ಕೆ ಶೇ. 3 ಜಿಎಸ್‌ಟಿ. 2 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚನ್ನು ಒಂದೇ ವ್ಯವಹಾರಕ್ಕೆ ನಗದಾಗಿ ಪಡೆಯುವಂತಿಲ್ಲ. ಕಾಫಿ ಮಾರಿದ ಹಣ ಬ್ಯಾಂಕಿನಲ್ಲೇ ಇರಲಿ.

ಒಳಬದಿಯಲ್ಲಿ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು, 18ಕೆ750 (18 ಕ್ಯಾರೆಟ್, ಸಾವಿರಕ್ಕೆ 750 ಪಾಲು ಚಿನ್ನ), ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಎಂಬ ಆ ಆಭರಣದ್ದೇ ಗುರುತು ಸಂಖ್ಯೆ ಇರಬೇಕು. ಆ ಆರನ್ನೂ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಶುದ್ಧತೆ, ಅಂಗಡಿಯ ವಿವರ ಬರುತ್ತದೆ. 2 ಗ್ರಾಂಗಿಂತ ಹಗುರವಾದ ಉಂಗುರಕ್ಕೆ ಈ ಕಡ್ಡಾಯವಿಲ್ಲ. ತೀರ ತೆಳು ವಿನ್ಯಾಸ ಬೇಡ ಎನ್ನಲು ಇನ್ನೊಂದು ಕಾರಣ. ಆಮೇಲೆ ಉಂಗುರವನ್ನು ಕಿವಿಯ ಬಳಿ ಹಿಡಿದು ಬೆರಳಿನಿಂದ ತಟ್ಟಿ. ಟಿಕ್‌ಟಿಕ್ ಎಂದರೆ ಯಾವುದೋ ಹರಳು ಕುಳಿತಿಲ್ಲ. ಹಳೆಯ ರೇಷ್ಮೆ ಬಟ್ಟೆಯ ಮೇಲೆ ನಾಲ್ಕೂ ದಿಕ್ಕಿಗೆ ಎಳೆಯಿರಿ, ಎಳೆ ಸಿಕ್ಕಿದರೆ ಪ್ರಾಂಗ್ ತುದಿ ಮೇಲೆದ್ದಿದೆ. ಈ ಪರೀಕ್ಷೆ ನಿಶ್ಚಿತಾರ್ಥದ ದಿನ ಹೊಸ ಸೀರೆಯ ಮೇಲೋ ಗಂಡಿನ ಸೊಂಟದ ರೇಷ್ಮೆ ಚೇಲೆಯ ಮೇಲೋ ಆಗುವುದು ಬೇಡ.

ತೊಟ್ಟ ಮೇಲೆ ಎರಡು ವಿಷಯ. ಹೋಂಸ್ಟೇ ಹಾಸಿಗೆಬಟ್ಟೆಗೆ ಬ್ಲೀಚ್ ಹಾಕುವಾಗ ಉಂಗುರ ತೆಗೆಯಿರಿ, ಕ್ಲೋರಿನ್ ಚಿನ್ನದ ಮಿಶ್ರಲೋಹವನ್ನು ಪೆಡಸು ಮಾಡಿ ಪ್ರಾಂಗ್ ಮುರಿಸುತ್ತದೆ. ಇನ್ನೊಂದು ಜಿಡ್ಡು. ವಜ್ರಕ್ಕೆ ನೀರು ಅಂಟುವುದಿಲ್ಲ, ಕೊಬ್ಬು ಅಂಟುತ್ತದೆ. ಗಣಿಗಳಲ್ಲಿ ಗ್ರೀಸ್ ಸವರಿದ ಹಲಗೆಯ ಮೇಲೆ ವಜ್ರ ಹಿಡಿಯುತ್ತಿದ್ದದ್ದೇ ಈ ಗುಣದಿಂದ. ಪಂದಿ ಮಾಂಸ ಹೆಚ್ಚಿದ ಕೈಯ ಉಂಗುರ ಮರುದಿನ ಮಂಕಾಗಿ ಕಂಡರೆ ಕಲ್ಲು ಕೆಟ್ಟಿಲ್ಲ, ತಳಕ್ಕೆ ಕೊಬ್ಬು ಮೆತ್ತಿದೆ. ಉಗುರುಬೆಚ್ಚಗಿನ ನೀರಿಗೆ ಎರಡು ಹನಿ ಪಾತ್ರೆ ಸೋಪು ಹಾಕಿ, ಅರ್ಧ ಗಂಟೆ ನೆನೆಸಿ, ಮಕ್ಕಳ ಮೆತ್ತನೆಯ ಟೂತ್‌ಬ್ರಷ್‌ನಿಂದ ಹಿಂಬದಿಯನ್ನೇ ಉಜ್ಜಿ. ಬಟ್ಟಲಿನಲ್ಲಿ ತೊಳೆಯಿರಿ, ಸಿಂಕಿನಲ್ಲಲ್ಲ.