ಕವನ, ಪ್ರಬಂಧ ಒಂದೇ ಪುಸ್ತಕದಲ್ಲಿ: ಹೋ-ಚಂಕ್ ಅಜ್ಜಿಯ ಜೊತೆ ನನ್ನ ಅನುಭವ

ಕವನ, ಪ್ರಬಂಧ ಒಟ್ಟಿಗೆ ಹಾಕಿದರೆ ಯಾರೂ ಕೊಳ್ಳಲ್ಲ ಅಂತ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿರುವ ನಮ್ಮ ಸಣ್ಣ ಪ್ರಕಾಶಕರ ಬಳಗ ಒಂದೇ ಸಮನೆ ಹೇಳುತ್ತಿತ್ತು. ಆದರೂ ಒಬ್ಬ ಅಜ್ಜಿಯ ಮಾತುಗಳನ್ನು ಹಾಗೇ ಪುಸ್ತಕ ಮಾಡಿದೆವು, ಸುಮಾರು 300 ಪ್ರತಿ ಖಾಲಿಯಾಗಿವೆ. ಅದಕ್ಕೇ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ಅಜ್ಜಿ ಹೋ-ಚಂಕ್ ಅನ್ನುವ ಅಮೆರಿಕದ ಮೂಲನಿವಾಸಿ ಜನಾಂಗದವರು, ವಿಸ್ಕಾನ್ಸಿನ್ನಿನ ಬ್ಲ್ಯಾಕ್ ರಿವರ್ ಫಾಲ್ಸ್ ಊರಿನ ಕಡೆಯವರು, ಎಂಬತ್ತು ದಾಟಿದೆ. ಹೆಸರು ಬೇಡ ಅಂದಿದ್ದಾರೆ. ಪ್ರಶ್ನೆಪಟ್ಟಿ ಹಿಡಿದು ಕೂತಾಗ ಹೂಂ, ಉಹೂಂ ಬಿಟ್ಟು ಏನೂ ಬರಲಿಲ್ಲ. ಆಮೇಲೆ ಅವರು ಬ್ಲ್ಯಾಕ್ ಆಶ್ ಮರದ ಪಟ್ಟಿ ಹಿಡಿದು ಬುಟ್ಟಿ ಹೆಣೆಯುವಾಗ ರೆಕಾರ್ಡರ್ ಪಕ್ಕದಲ್ಲಿಟ್ಟೆ. ಆಗ ಮಾತು ಶುರುವಾಯಿತು ನೋಡಿ! ಕ್ರ್ಯಾನ್‌ಬೆರಿ ತೋಟದಲ್ಲಿ ಅಪ್ಪ-ಅಮ್ಮನ ಕೂಲಿ, ವಿಸ್ಕಾನ್ಸಿನ್ ಡೆಲ್ಸ್ ಅನ್ನುವ ಪ್ರವಾಸಿ ಊರಲ್ಲಿ ಪ್ರವಾಸಿಗರ ಮುಂದೆ ಕುಣಿದದ್ದು, 1874ರ ಸುಮಾರಿಗೆ ಸೈನಿಕರು ಚಳಿಗಾಲದಲ್ಲಿ ಹೋ-ಚಂಕ್ ಜನರನ್ನು ರೈಲಿಗೆ ತುಂಬಿ ನೆಬ್ರಾಸ್ಕಾಗೆ ಸಾಗಿಸಿದ್ದು, ಬಹಳ ಜನ ಮತ್ತೆ ಇಲ್ಲಿಗೇ ವಾಪಸ್ ಬಂದದ್ದು, ಎಲ್ಲ ಮನೆಯಲ್ಲಿ ಕೇಳಿದ ಹಾಗೇ. ರೆಕಾರ್ಡಿಂಗ್ ಹಿನ್ನೆಲೆಯಲ್ಲಿ ಪಟ್ಟಿಯ ಸದ್ದು ಚರಚರ ಅಂತ ಕೇಳುತ್ತೆ, ನಾನು ಅಳಿಸಲಿಲ್ಲ.

ನನ್ನ ಕ್ರಮ ಇಷ್ಟೇ. ಅವರು ಉಸಿರು ತೆಗೆದುಕೊಂಡು ನಿಂತಲ್ಲಿ ಸಾಲು ಮುರಿದೆ, ಅದು ಕವನ. ನಿಲ್ಲದೆ ಹೇಳಿಕೊಂಡು ಹೋದದ್ದು ಪ್ರಬಂಧ. ಎಷ್ಟು ಹೊತ್ತು ನಿಂತರೆ ಸಾಲು ಮುರಿಯಬೇಕು ಅನ್ನುವುದನ್ನು ಮಾತ್ರ ಇಲ್ಲಿ ಹೇಳಲ್ಲ, ಅದು ನನ್ನ ಅನ್ನ. ಆಮೇಲೆ ಎಲ್ಲ ಅವರಿಗೆ ಗಟ್ಟಿಯಾಗಿ ಓದಿದೆ. ಅರ್ಧದಷ್ಟು ಅವರೇ ಕಿತ್ತುಹಾಕಿದರು, ಉಳಿದದ್ದೇ ಚೆನ್ನಾಗಿದೆ. ಕೆಲವು ಪವಿತ್ರ ಕಥೆಗಳನ್ನು ನೆಲದ ಮೇಲೆ ಹಿಮ ಇರುವಾಗ ಮಾತ್ರ ಹೇಳಬೇಕು, ಅವು ಪುಸ್ತಕಕ್ಕಲ್ಲ ಅಂದರು. ರೆಕಾರ್ಡರ್ ಆಫ್.

ದುಡ್ಡಿನ ವಿಷಯ. ಮುದ್ರಣಕ್ಕೆ 1400 ಡಾಲರ್ ಆಸುಪಾಸು. ಅದಕ್ಕೂ ಮೊದಲು ಪ್ರೂಫ್‌ಗೇ 200 ನೀರಿನಂತೆ ಹೋಯಿತು. ಅವರ ಭಾಷೆಯಲ್ಲಿ ಮೂಗಿನ ಸ್ವರಕ್ಕೆ ಅಕ್ಷರದ ಕೆಳಗೊಂದು ಬಾಲ ಬರುತ್ತೆ, ನಾವು ಕೊಂಡ ಚೆಂದದ ಫಾಂಟ್‌ನಲ್ಲಿ ಆ ಬಾಲವೇ ಇಲ್ಲ, ಪುಟದ ತುಂಬ ಖಾಲಿ ಡಬ್ಬಿಗಳು! ಉಚಿತ ಫಾಂಟ್ ಒಂದು ಕಾಪಾಡಿತು. ಮಧ್ಯೆ ಸುಮ್ನೆ ಇನ್ನೊಂದು ಪ್ರಯೋಗ: ಬುಟ್ಟಿ ಹೆಣೆಯುವಾಗ ಉದುರಿದ ಮರದ ಹೊಟ್ಟು ಸೇರಿಸಿ ರಕ್ಷಾಪುಟಕ್ಕೆ ಕಾಗದ ಮಾಡಿದೆ. ನೋಡಲು ಸೊಗಸು, ಪ್ರಿಂಟರ್ ಮಾತ್ರ ಕಚ್ಚಿಕೊಂಡು ನಿಂತಿತು. ಹೊಟ್ಟಿಗೂ ಈಗ ಬರ, ಎಮರಾಲ್ಡ್ ಆಶ್ ಬೋರರ್ ಹುಳ ಆ ಮರಗಳನ್ನೇ ತಿಂದುಹಾಕುತ್ತಿದೆ.

ಪ್ರತಿಗೆ 12 ಡಾಲರ್. ಅಂಗಡಿಯವರು ನಲವತ್ತು ಪರ್ಸೆಂಟ್ ಕಮಿಷನ್ ಕೇಳಿದರು, ಕೊಡಲಿಲ್ಲ. ಮೇ ಕೊನೆಯ ಮೆಮೋರಿಯಲ್ ಡೇ ರಜೆಗೆ ನಡೆಯುವ ಪೌವೌನಲ್ಲಿ, ಅಂದರೆ ಮೂಲನಿವಾಸಿಗಳ ಹಾಡು-ಕುಣಿತದ ಕೂಟದಲ್ಲಿ, ಮೇಜು ಹಾಕಿದೆವು, ಹೆಚ್ಚಿನವು ಅಲ್ಲೇ ಹೋದವು. ಖರ್ಚು ಕಳೆದು ಉಳಿದದ್ದೆಲ್ಲ ಅಜ್ಜಿಗೆ. ಕೊಂಡವರಲ್ಲಿ ವಯಸ್ಸಾದವರೇ ಜಾಸ್ತಿ, ಅಕ್ಷರ ಸಣ್ಣ ಅಂತ ಬೈದರು. ಎರಡನೇ ಮುದ್ರಣ 14 ಪಾಯಿಂಟ್‌ನಲ್ಲಿ, ಪುಟ ಜಾಸ್ತಿ, ಬೆಲೆ ಅದೇ ಇರಲಿ ಅಂತ ಅಜ್ಜಿಯ ಆರ್ಡರ್.