ಹೆವಿ ಮೆಟಲ್ ಎಲ್‌ಪಿ: ಕಾಸರಗೋಡಿನ ಮಳೆಗಾಲ ದಾಟುವ ಹಾಗೆ ಕೂಡಿಸುವುದು

ಮಳೆ ಜೋರಿರುವ ಆಟಿ ತಿಂಗಳಲ್ಲಿ ಕಪಾಟಿನೊಳಗಿನ ಚರ್ಮದ ಬೆಲ್ಟಿಗೆ ಬೂಸ್ಟು ಬರುವ ಮನೆಯಲ್ಲಿ ಎಲ್‌ಪಿಯ, ಅಂದರೆ ದೊಡ್ಡ ವೈನಿಲ್ ರೆಕಾರ್ಡಿನ, ಕವರಿಗೂ ಬೂಸ್ಟು ಬಂದೇ ಬರುತ್ತದೆ. ಮಂಜೇಶ್ವರದಿಂದ ಹೊಸದುರ್ಗದವರೆಗೆ ವರ್ಷಕ್ಕೆ 3,000 ಮಿಲಿಮೀಟರ್ ಮೀರಿ ಮಳೆ ಸುರಿಯುತ್ತದೆ. ಇಲ್ಲಿ ಬ್ಲ್ಯಾಕ್ ಸಬ್ಬತ್, ಐರನ್ ಮೇಡನ್ ಎಂದು ಹೆವಿ ಮೆಟಲ್ ತಂಡಗಳ ರೆಕಾರ್ಡು ಕೂಡಿಸಲು ಹೊರಟವರು ಮೊದಲು ಇಡುವ ಜಾಗ ನೋಡಿಕೊಳ್ಳಬೇಕು, ಕೊಳ್ಳುವ ಮಾತು ಆಮೇಲೆ. ಒಣಹವೆಯ ಊರಿನವರು ಹೇಳುವ ಕ್ರಮ ಇಲ್ಲಿಗೆ ಅರ್ಧ ಮಾತ್ರ ಹೊಂದುತ್ತದೆ.

ಯಾವಾಗ, ಎಲ್ಲಿಂದ

ತರಿಸುವುದಿದ್ದರೆ ನವೆಂಬರಿನಿಂದ ಫೆಬ್ರವರಿಯೊಳಗೆ ತರಿಸಿ. ಏಪ್ರಿಲ್, ಮೇ ತಿಂಗಳಲ್ಲಿ ಕೊರಿಯರ್ ವ್ಯಾನ್ ಬಿಸಿಲಲ್ಲಿ ನಿಂತರೆ ಒಳಗಿನ ರೆಕಾರ್ಡು ಮೆತ್ತಗಾಗಿ ಬಾಗುತ್ತದೆ. ಜೂನಿನಿಂದ ಸೆಪ್ಟೆಂಬರ್‌ವರೆಗೆ ರಟ್ಟಿನ ಪೆಟ್ಟಿಗೆ ನೆನೆಯುತ್ತದೆ, ನೆನೆದ ಕವರ್ ಒಣಗಿದರೂ ಮೊದಲಿನ ಹಾಗೆ ನೇರ ನಿಲ್ಲುವುದಿಲ್ಲ.

ಕುಂಬಳೆ, ಉಪ್ಪಳ, ಕಾಸರಗೋಡಿನ ಗುಜರಿಗಳಲ್ಲಿ "ಪ್ಲೇಟು ಉಂಟಾ?" ಎಂದು ಕೇಳಿದರೆ ಹೊರಬರುವುದು ಮಲಯಾಳ ಸಿನಿಮಾ, ತರಂಗಿಣಿಯ ಹಾಡು, ಮಾಪಿಳ್ಳೆ ಪಾಟ್ಟು, ಹಿಂದಿ. ಮೆಟಲ್ ಸಿಕ್ಕರೆ ಅದೃಷ್ಟ, ಅದನ್ನು ನಂಬಿ ಕೂರಬೇಡಿ. ಬೆಂಗಳೂರಿನ ಹಳೆ ರೆಕಾರ್ಡಿನ ಅಂಗಡಿಗಳು, ಮುಂಬೈಯ ಚೋರ್ ಬಜಾರ್, ಮತ್ತೆ ರೆಕಾರ್ಡು ಮಾರುವ ಡಿಸ್ಕಾಗ್ಸ್‌ನಂಥ ಜಾಲತಾಣ, ಈ ಮೂರೇ ನಿಜವಾದ ದಾರಿ. ಮುಂಬೈಯಲ್ಲಿ ನೆಂಟರಿದ್ದು ನೇತ್ರಾವತಿ ರೈಲಿನಲ್ಲಿ ಬರುವವರಿದ್ದರೆ ಕೊರಿಯರಿಗಿಂತ ಅದೇ ಲೇಸು. ಎರಡು ಗಟ್ಟಿ ಸೂಟ್‌ಕೇಸ್‌ಗಳ ನಡುವೆ ನೆಟ್ಟಗೆ ನಿಲ್ಲಿಸಿ ತರಲು ಹೇಳಿ, ಬರ್ತಿನ ಮೇಲೆ ಮಲಗಿಸಿ ಅದರ ಮೇಲೆ ಚೀಲ ಹೇರದಿರಲಿ.

ವಿದೇಶದಿಂದ ಒಂದೊಂದೇ ತರಿಸಿದರೆ ಅಂಚೆಖರ್ಚು ರೆಕಾರ್ಡಿನ ಬೆಲೆಯನ್ನೇ ಮೀರೀತು. ಒಬ್ಬನೇ ಮಾರಾಟಗಾರನಿಂದ ಮೂರು ನಾಲ್ಕು ಒಟ್ಟಿಗೆ ತೆಗೆದುಕೊಳ್ಳಿ. ಕಸ್ಟಮ್ಸ್ ಸುಂಕ ಮಾಲಿನ ಬೆಲೆಗೆ ಸಾಗಣೆ ಖರ್ಚು ಸೇರಿಸಿದ ಮೊತ್ತದ ಮೇಲೆ, ಆಮದಿನ ತೆರಿಗೆಯಾದ ಐಜಿಎಸ್‌ಟಿ ಅದಕ್ಕೆ ಸುಂಕವನ್ನೂ ಸೇರಿಸಿದ ಮೊತ್ತದ ಮೇಲೆ ಬೀಳುತ್ತವೆ ಎಂಬುದನ್ನು ಲೆಕ್ಕದಲ್ಲಿಟ್ಟುಕೊಳ್ಳಿ. ಮಾರಾಟಗಾರನಿಗೆ ಎರಡು ಮಾತು ಬರೆದು ತಿಳಿಸಿ: ರೆಕಾರ್ಡನ್ನು ಒಳಚೀಲದ ಸಮೇತ ಕವರಿನಿಂದ ಹೊರತೆಗೆದು ಕವರಿನ ಹಿಂದೆ ಇಡಬೇಕು, ಎಲ್ಲವನ್ನೂ ಪಾಲಿಥೀನಿನಲ್ಲಿ ಸುತ್ತಿ ಎರಡೂ ಬದಿಗೆ ಗಟ್ಟಿ ರಟ್ಟು ಕೊಡಬೇಕು. ಕವರಿನೊಳಗೇ ಬಿಟ್ಟು ಕಳಿಸಿದರೆ ದಾರಿಯಲ್ಲಿ ಪೆಟ್ಟಿಗೆ ಬಿದ್ದಾಗ ರೆಕಾರ್ಡಿನ ಅಂಚು ಕವರಿನ ಅಂಟಿಸಿದ ಬದಿಯನ್ನು ಸೀಳಿಬಿಡುತ್ತದೆ.

ಯಾವ ಪ್ರತಿ

ಹೊಸಬರು ಮೊದಲ ಮುದ್ರಣದ ಹಿಂದೆ ಬೀಳುವುದು ಹಣ ಕಳೆಯುವ ನೇರ ದಾರಿ. ಬ್ಲ್ಯಾಕ್ ಸಬ್ಬತ್‌ನ ಮೊದಲ ಆಲ್ಬಂ 1970ರ ಫೆಬ್ರವರಿ 13ರಂದು ವರ್ಟಿಗೋ ಎಂಬ ಕಂಪನಿ ಲೇಬಲ್‌ನಲ್ಲಿ ಬಂತು. ರೆಕಾರ್ಡಿನ ನಡುವೆ ಸುರುಳಿ ಚಿತ್ರದ ಆ ಕಪ್ಪು ಬಿಳುಪು ಕಾಗದದ ಲೇಬಲ್ ಇರುವ ಬ್ರಿಟಿಷ್ ಪ್ರತಿಗೆ ಕೇಳುವ ಬೆಲೆಯಲ್ಲಿ ರೆಕಾರ್ಡು ಹಾಕುವ ಒಂದು ಒಳ್ಳೆಯ ಟರ್ನ್‌ಟೇಬಲ್ಲೇ ಬಂದೀತು. ಅದೇ ಆಲ್ಬಂ 70ರ ದಶಕದ ನಡುವೆ ನೆಮ್ಸ್ ಲೇಬಲ್‌ನಲ್ಲಿ ಮರುಮುದ್ರಣವಾಯಿತು, ಅದು ಕೈಗೆಟಕುತ್ತದೆ. ಐರನ್ ಮೇಡನ್‌ನ ಮೊದಲ ಆಲ್ಬಮ್ಮಿನ 1980ರ ಇಎಂಐ ಕಂಪನಿಯ ಪ್ರತಿ ಸಿಗದಿದ್ದರೆ ಇಎಂಐಯದೇ ಅಗ್ಗದ ಲೇಬಲ್ ಆದ ಫೇಮ್‌ನ ಪ್ರತಿ ನೋಡಿ. ಕೇಳುವವರಿಗೆ ಅದು ಸಾಕು. ಸಂಗ್ರಹಕ್ಕೆ ಕಳೆ ಬೇಕೆನ್ನುವವರು ಜಪಾನಿನ ಪ್ರತಿಗಳನ್ನು ನೋಡಬಹುದು. ಅವುಗಳ ಮೇಲ್ಮೈ ಗದ್ದಲ ಕಡಿಮೆ, ಆದರೆ ಕವರಿನ ಬದಿಗೆ ಸುತ್ತಿದ ಓಬಿ ಎಂಬ ಕಾಗದಪಟ್ಟಿ ಇಲ್ಲದಿದ್ದರೆ ಬೆಲೆ ಬಹಳ ಇಳಿಯಬೇಕು, ಇಳಿಸದಿದ್ದರೆ ಬಿಟ್ಟುಬಿಡಿ.

ಭಾರತದಲ್ಲೇ ಒತ್ತಿದ ಪ್ರತಿಗಳೂ ಇವೆ. ಇಎಂಐ ಬಳಗದ್ದನ್ನು ಕಲ್ಕತ್ತದ ಡಂ ಡಂ ಕಾರ್ಖಾನೆಯಲ್ಲಿ ಗ್ರಾಮಫೋನ್ ಕಂಪನಿ ಆಫ್ ಇಂಡಿಯಾ ಒತ್ತುತ್ತಿತ್ತು. ಹೊರದೇಶದ ಸಂಗ್ರಾಹಕರು ಇವನ್ನು ಅಪರೂಪವೆಂದು ಕೊಳ್ಳುತ್ತಾರೆ. ಕೇಳಲು ಕೊಂಡರೆ ಮಾತ್ರ ಹಿನ್ನೆಲೆಯಲ್ಲಿ ಸ್ವಲ್ಪ ಚರಚರ ಇದ್ದದ್ದೇ ಎಂದು ತಿಳಿದೇ ಕೊಳ್ಳಿ.

ಒಂದು ಬದಿಗೆ ಎಷ್ಟು ನಿಮಿಷ ತುಂಬಿದ್ದಾರೆ ಎಂಬುದನ್ನು ಯಾವಾಗಲೂ ನೋಡಿ. ಸ್ಲೇಯರ್ ತಂಡದ 'ರೇನ್ ಇನ್ ಬ್ಲಡ್' ಒಟ್ಟು 29 ನಿಮಿಷ, ಹಾಗಾಗಿ ಗೀರುಗಳಿಗೆ, ಅಂದರೆ ಸೂಜಿ ಓಡುವ ಹಾಡಿನ ಸಾಲುಗಳಿಗೆ, ಅಗಲವಾಗಿ ಹರಡಲು ಜಾಗವಿದೆ, ಸದ್ದು ಎದೆಗೆ ಬಡಿಯುತ್ತದೆ. ಮೆಟಾಲಿಕಾ ತಂಡದ 'ಮಾಸ್ಟರ್ ಆಫ್ ಪಪೆಟ್ಸ್' ಹತ್ತಿರ ಹತ್ತಿರ 55 ನಿಮಿಷ. ಅದನ್ನು ಒಂದೇ ಡಿಸ್ಕಿನಲ್ಲಿ ಅಡಗಿಸಲು ಸದ್ದಿನ ಮಟ್ಟವನ್ನೂ ಬಾಸ್ ಎಂಬ ತಗ್ಗು ಸ್ವರವನ್ನೂ ತಗ್ಗಿಸಲೇಬೇಕು. ಈ ಆಲ್ಬಮ್ಮಿಗೆ 45 ವೇಗದ (ನಿಮಿಷಕ್ಕೆ 45 ಸುತ್ತು) ಎರಡು ಡಿಸ್ಕಿನ ಪ್ರತಿಯೂ ಬಂದಿದೆ, ದುಬಾರಿಯಾದರೂ ಅದರಲ್ಲಿ ವ್ಯತ್ಯಾಸ ಕಿವಿಗೆ ಗೊತ್ತಾಗುತ್ತದೆ.

ಖಾಲಿ ಜಾಗದ ಬರಹ

ಕೊನೆಯ ಹಾಡು ಮುಗಿದ ಮೇಲೆ ಲೇಬಲ್‌ವರೆಗೆ ಇರುವ ನುಣುಪಾದ ಉಂಗುರಕ್ಕೆ ಡೆಡ್ ವ್ಯಾಕ್ಸ್ ಎನ್ನುತ್ತಾರೆ. ರೆಕಾರ್ಡಿನ ಜಾತಕ ಅಲ್ಲಿದೆ. ಕವರು ಬದಲಾಗಬಹುದು, ಲೇಬಲ್ ನಕಲಾಗಬಹುದು, ಆದರೆ ಇಲ್ಲಿ ಕೊರೆದದ್ದನ್ನು ಆಮೇಲೆ ತಿದ್ದಲು ಬರುವುದಿಲ್ಲ. ಮೊಬೈಲಿನ ಟಾರ್ಚನ್ನು ಓರೆಯಾಗಿ ಹಿಡಿದು ಓದಿ. ದೂರದಿಂದ ಕೊಳ್ಳುವುದಾದರೆ ಎರಡೂ ಬದಿಯ ಈ ಭಾಗದ ಫೋಟೊ ಕೇಳಿ, ಕೊಡದವನ ಹತ್ತಿರ ದುಬಾರಿ ಪ್ರತಿ ಕೊಳ್ಳಬೇಡಿ.

ಬ್ರಿಟನ್ನಿನ ಇಎಂಐ ಪ್ರತಿಗಳಲ್ಲಿ ಕ್ಯಾಟಲಾಗ್ ಸಂಖ್ಯೆ ಇರುತ್ತದೆ, ಉದಾಹರಣೆಗೆ ಮೇಡನ್‌ನ ಮೊದಲ ಆಲ್ಬಮ್ಮಿಗೆ ಇಎಂಸಿ 3330. ಅದರ ಮುಂದಿನ ಅಕ್ಷರ ಯಾವ ಬದಿ ಎಂಬುದನ್ನೂ ಅಂಕೆ ಎಷ್ಟನೆಯ ಕಟ್, ಅಂದರೆ ಹಾಡನ್ನು ಮೂಲ ತಟ್ಟೆಗೆ ಎಷ್ಟನೆಯ ಸಲ ಕೊರೆದದ್ದು, ಎಂಬುದನ್ನೂ ಹೇಳುತ್ತವೆ. ಆ ಬರಹ ಕೆಳಗೆ ಬರುವ ಹಾಗೆ ಹಿಡಿದರೆ ಎಡಕ್ಕೆ, ಗಡಿಯಾರದ 9ರ ಜಾಗದಲ್ಲಿ, ಒತ್ತುವ ಅಚ್ಚುಗಳನ್ನು ತೆಗೆಯುವ ತಾಯಿ ಅಚ್ಚಿನ ಅಂಕೆ. ಬಲಕ್ಕೆ, 3ರ ಜಾಗದಲ್ಲಿ, ಒತ್ತುವ ಅಚ್ಚಿನ ಅಕ್ಷರ. ಈ ಅಕ್ಷರಗಳು ಅಂಕೆಗಳ ಗುಟ್ಟಿನ ರೂಪ: ಜಿ 1, ಆರ್ 2, ಎ 3, ಎಂ 4, ಓ 5, ಪಿ 6, ಎಚ್ 7, ಎಲ್ 8, ಟಿ 9, ಡಿ ಎಂದರೆ ಸೊನ್ನೆ. 'ಆರ್‌ಎ' ಕಂಡರೆ 23ನೆಯ ಅಚ್ಚು. ಅಂಕೆ ಚಿಕ್ಕದಿದ್ದಷ್ಟೂ ಮೊದಮೊದಲು ಒತ್ತಿದ್ದು. ಅಮೆರಿಕದ ಪ್ರತಿಗಳಲ್ಲಿ 'ಸ್ಟರ್ಲಿಂಗ್' ಎಂಬ ಮುದ್ರೆ ಕಂಡರೆ ನ್ಯೂಯಾರ್ಕಿನ ಸ್ಟರ್ಲಿಂಗ್ ಸೌಂಡ್‌ನಲ್ಲಿ ಕಟ್ ಆದದ್ದು ಎಂದರ್ಥ.

ನಕಲಿ ಹಿಡಿಯಲು ಸುಲಭದ ಗುರುತುಗಳೂ ಇವೆ. 1971ರದ್ದೆಂದು ಮಾರುವ ಕವರಿನ ಮೇಲೆ ಬಾರ್‌ಕೋಡ್ ಇದ್ದರೆ ಅದು ಮರುಮುದ್ರಣ. ಚಿತ್ರ ಮಬ್ಬಾಗಿ, ಸಣ್ಣ ಅಕ್ಷರ ಕಲೆಸಿಹೋಗಿದ್ದರೆ ಹಳೆ ಕವರನ್ನು ಸ್ಕ್ಯಾನ್ ಮಾಡಿ ಅಚ್ಚು ಹಾಕಿದ್ದಾರೆ. ಮೆಟಾಲಿಕಾದ 'ರೈಡ್ ದ ಲೈಟ್ನಿಂಗ್' ಕವರು ಫ್ರಾನ್ಸಿನ ಬರ್ನೆಟ್ ಲೇಬಲ್‌ನಲ್ಲಿ ತಪ್ಪಿ ನೀಲಿಯ ಬದಲು ಹಸಿರಾಗಿ ಅಚ್ಚಾಯಿತು. ಆ ಪ್ರತಿಗಳು ಕೆಲವು ನೂರು ಮಾತ್ರ. 'ಹಸಿರು ಕವರು, ಕಡಿಮೆ ಬೆಲೆ' ಎಂದು ಯಾರಾದರೂ ಕರೆದರೆ ಲೇಬಲ್ ಮತ್ತು ಡೆಡ್ ವ್ಯಾಕ್ಸಿನ ಫೋಟೊ ಬರುವವರೆಗೆ ಕೈಚೀಲ ಬಿಚ್ಚಬೇಡಿ.

ಕೈಯಲ್ಲಿ ಹಿಡಿದು ನೋಡುವುದು

ಮಾರುವವರು ಬರೆಯುವ ದರ್ಜೆಗಳಲ್ಲಿ ನಿಯರ್ ಮಿಂಟ್ ಎಂದರೆ ಹೊಸದರಂತೆ, ವೆರಿ ಗುಡ್ ಪ್ಲಸ್ ಎಂದರೆ ಅದರ ಅರ್ಧ ಬೆಲೆ, ಬರೀ ವೆರಿ ಗುಡ್ ಎಂದರೆ ಕಾಲು ಬೆಲೆ. ಹೆಸರು ಕೇಳಿ ಮೋಸ ಹೋಗಬೇಡಿ, ವೆರಿ ಗುಡ್ ರೆಕಾರ್ಡಿನಲ್ಲಿ ಗದ್ದಲ ಚೆನ್ನಾಗಿಯೇ ಕೇಳಿಸುತ್ತದೆ. ಗುಡ್ ಎಂದು ಬರೆದದ್ದು ಗೋಡೆಗೆ ತೂಗುಹಾಕಲು ಆದೀತು.

ರೆಕಾರ್ಡನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಅಂಚು ನೋಡಿದರೆ ಬಾಗು ಗೊತ್ತಾಗುತ್ತದೆ. ತರಚಿದ ಗುರುತಿನ ಮೇಲೆ ಉಗುರನ್ನು ಹಗುರಾಗಿ ಆಡಿಸಿ, ಉಗುರು ಸಿಕ್ಕಿಕೊಂಡರೆ ಆ ಗುರುತು ಸುತ್ತಿಗೊಮ್ಮೆ, ಅಂದರೆ ಪ್ರತಿ 1.8 ಸೆಕೆಂಡಿಗೆ, 'ಟಿಕ್' ಎನ್ನುತ್ತದೆ. ಲೇಬಲ್ಲಿನ ತೂತಿನ ಸುತ್ತ ಜೇಡರ ಬಲೆಯಂಥ ಗೆರೆಗಳು ತುಂಬಿದ್ದರೆ ಕಣ್ಣು ಮುಚ್ಚಿ ಹಾಕಿ ತೆಗೆದು ಮಾಡಿದ ರೆಕಾರ್ಡು. ಹೊಳಪಿದ್ದರೂ ಸವೆದಿರುತ್ತದೆ.

ಕೇಳಿಸಲು ಒಪ್ಪಿದರೆ ಮೊದಲ ಹಾಡು ಬೇಡ, ಬದಿಯ ಕೊನೆಯ ಹಾಡು ಹಾಕಿಸಿ. ಹೊರ ಅಂಚಿನಲ್ಲಿ ಸೂಜಿಯ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಗೀರು ಹರಿದರೆ ಒಳತುದಿಯಲ್ಲಿ ಹರಿಯುವುದು 21 ಸೆಂಟಿಮೀಟರ್ ಮಾತ್ರ. ಅಷ್ಟೇ ಸದ್ದು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಇಕ್ಕಟ್ಟಾಗಿರುವ ಕಾರಣ ಸವೆತ ಮೊದಲು ಕೇಳಿಸುವುದು ಅಲ್ಲೇ. ಡ್ರಮ್ಮಿನ ಸಿಂಬಲ್ ತಾಳ ಹೊಡೆದಾಗ 'ಚ್ಚ್' ಎಂದು ಒಡೆದರೆ ಸವೆದಿದೆ, ತೊಳೆದರೆ ಸರಿಹೋಗದು. ಹಾಡಿನ ಏರಿಳಿತಕ್ಕೆ ಸಂಬಂಧವಿಲ್ಲದೆ ಒಂದೇ ಸಮನೆ ಚರಚರ ಎಂದರೆ ಕೊಳೆಯೋ ಬೂಸ್ಟೋ ಇರಬಹುದು, ಅದಕ್ಕೆ ಉಪಾಯವಿದೆ.

ಬೂಸ್ಟು ತೆಗೆಯುವುದು

ಬೂಸ್ಟು ಹಿಡಿದ ರೆಕಾರ್ಡನ್ನು ಉಳಿದವುಗಳ ಹತ್ತಿರ ತರಬೇಡಿ. ಮುಖಕ್ಕೆ ಮಾಸ್ಕ್ ಹಾಕಿ, ಮನೆಯ ಹೊರಗೆ ಜಗಲಿಯಲ್ಲೋ ಅಂಗಳದ ನೆರಳಲ್ಲೋ ಮೆತ್ತಗಿನ ಬ್ರಷ್ಷಿನಿಂದ ಒಣ ಬೂಸ್ಟನ್ನು ಉದುರಿಸಿ. ಆ ಬ್ರಷ್ಷು ಅದಕ್ಕೇ ಮೀಸಲು. ಹಳೆ ಕಾಗದದ ಒಳಚೀಲವನ್ನು ಸುಟ್ಟುಬಿಡಿ. ಹಾಡಿನ ಸಾಲುಗಳೋ ಚಿತ್ರವೋ ಅಚ್ಚಾದ ಮೂಲ ಒಳಚೀಲವಾದರೆ ಮಾತ್ರ ಫ್ಯಾನಿನ ಗಾಳಿಗೆ ಒಣಗಿಸಿ, ಒರೆಸಿ ಬೇರೆಯಾಗಿ ಇಡಿ, ಅದಿಲ್ಲದೆ ಪ್ರತಿಯ ಬೆಲೆ ಕುಸಿಯುತ್ತದೆ. ಕವರನ್ನು ಬಿಸಿಲಿಗೆ ಹಾಕಬೇಡಿ, ಕೆಂಪು ಬಣ್ಣ ಮೊದಲು ಹಾರಿಹೋಗುತ್ತದೆ.

ತೊಳೆಯುವ ನೀರಿಗೆ ಡಿಸ್ಟಿಲ್ಡ್ ವಾಟರ್ 800 ಮಿಲಿಲೀಟರ್, ಐಸೊಪ್ರೊಪೈಲ್ ಆಲ್ಕೊಹಾಲ್ 200 ಮಿಲಿಲೀಟರ್, ಬಣ್ಣ ಪರಿಮಳ ಇಲ್ಲದ ಪಾತ್ರೆ ತೊಳೆಯುವ ದ್ರವ ಎರಡೇ ಹನಿ. ಬಾವಿನೀರು ಬೇಡ, ಒಣಗಿದ ಮೇಲೆ ಅದರ ಲವಣ ಗೀರಿನೊಳಗೆ ಉಳಿಯುತ್ತದೆ. ಸ್ಯಾನಿಟೈಸರ್ ಕೂಡ ಬೇಡ, ಅದರಲ್ಲಿ ಗ್ಲಿಸರಿನ್ ಇರುತ್ತದೆ. ಪೆಟ್ರೋಲ್ ಬಂಕಿನಲ್ಲಿ ಬ್ಯಾಟರಿಗೆಂದು ಸಿಗುವ ಡಿಸ್ಟಿಲ್ಡ್ ನೀರು ಆಗುತ್ತದೆ, ಬ್ಯಾಟರಿ ಆಸಿಡ್ಡಿನ ಬಾಟಲಿ ಅಲ್ಲ ಎಂದು ಲೇಬಲ್ ಓದಿ ತೆಗೆದುಕೊಳ್ಳಿ. 78 ವೇಗದ ಹಳೆ ಅರಗಿನ ಪ್ಲೇಟುಗಳಿಗೆ ಈ ಮಿಶ್ರಣ ತಾಗಿಸಲೇಬೇಡಿ, ಆಲ್ಕೊಹಾಲ್ ಅರಗನ್ನು ಕರಗಿಸುತ್ತದೆ.

ಲೇಬಲ್ ಮೇಲೆ ಅದಕ್ಕಿಂತ ತುಸು ದೊಡ್ಡ ಪ್ಲಾಸ್ಟಿಕ್ ಮುಚ್ಚಳ ಒತ್ತಿ ಹಿಡಿದು, ದ್ರವ ಚಿಮುಕಿಸಿ ಒಂದು ನಿಮಿಷ ಬಿಡಿ. ಆಮೇಲೆ ಮೈಕ್ರೊಫೈಬರ್ ಬಟ್ಟೆಯಿಂದ ಗೀರಿನ ದಿಕ್ಕಿನಲ್ಲೇ ಸುತ್ತ ಒರೆಸಿ. ಅಡ್ಡಡ್ಡ ಉಜ್ಜಿದರೆ ಕೊಳೆಯ ಕಣವೇ ತರಚುತ್ತದೆ. ಬರೀ ಡಿಸ್ಟಿಲ್ಡ್ ನೀರಿನಲ್ಲಿ ಎರಡು ಸಲ ಜಾಲಿಸಿ. ಹೆಚ್ಚಿನವರು ಸೋಮಾರಿತನ ಮಾಡುವುದು ಇಲ್ಲೇ. ಸೋಪಿನ ಅಂಶ ಉಳಿದರೆ ಸೂಜಿಯ ತುದಿಗೆ ಬಿಳಿ ಮೇಣದಂಥದ್ದು ಕಟ್ಟಿಕೊಳ್ಳುತ್ತದೆ. ತಟ್ಟೆ ಇಡುವ ಸ್ಟ್ಯಾಂಡಿನಲ್ಲಿ ನೆಟ್ಟಗೆ ನಿಲ್ಲಿಸಿ, ಪೂರ್ತಿ ಒಣಗುವ ತನಕ ಕಾಯಿರಿ. ಮಳೆಗಾಲದಲ್ಲಿ ಇದಕ್ಕೆ ಅರ್ಧ ದಿನವೂ ಹಿಡಿದೀತು. ತೇವ ಉಳಿದ ರೆಕಾರ್ಡನ್ನು ಚೀಲಕ್ಕೆ ಹಾಕಿದರೆ ಬೂಸ್ಟಿಗೆ ನೀವೇ ಮನೆ ಕಟ್ಟಿಕೊಟ್ಟ ಹಾಗೆ. ತೊಳೆದ ಮೇಲೂ ಚರಚರ ಹೋಗದಿದ್ದರೆ ಬೂಸ್ಟು ಮೇಲ್ಮೈಯನ್ನೇ ತಿಂದಿರಬಹುದು.

ಇಡುವುದು

ಹಂಚಿನ ಮನೆಯ ಅಟ್ಟ, ಹೊರಗೋಡೆಗೆ ತಾಗಿದ ಕಪಾಟು, ಅಡಿಕೆ ಚೀಲ ಪೇರಿಸಿದ ಕೋಣೆ, ಈ ಮೂರು ಕೂಡದು. ಮನೆಯ ನಡುಕೋಣೆಯಲ್ಲಿ ಒಳಗೋಡೆಯಿಂದ ಮೂರು ಇಂಚು ಬಿಟ್ಟು, ನೆಲದಿಂದ ಅರ್ಧ ಅಡಿ ಎತ್ತರಕ್ಕೆ ಕಪಾಟು ಇರಲಿ. ಗೆದ್ದಲಿನ ಭಯವಿದ್ದರೆ ಕಬ್ಬಿಣದ ಕಪಾಟೇ ಸರಿ. ಒಂದಡಿ ಅಗಲಕ್ಕೆ 70ರಿಂದ 80 ಎಲ್‌ಪಿ ಹಿಡಿಯುತ್ತವೆ, ತೂಕ 20 ಕಿಲೋ ಹತ್ತಿರ, ತೆಳು ಹಲಗೆ ನಡುವೆ ಜಗ್ಗುತ್ತದೆ. ನೆಟ್ಟಗೆ ನಿಲ್ಲಿಸಿ. ಓರೆಯಾಗಿ ಒರಗಿಸಿದ್ದೂ ಮಲಗಿಸಿ ಪೇರಿಸಿದ್ದೂ ಬಾಗುತ್ತವೆ.

ಒಳಚೀಲ ಪಾಲಿಥೀನ್ ಪದರ ಇರುವುದು, ಹೊರಚೀಲ ಪಾಲಿಪ್ರೊಪಿಲೀನಿನದು. ದಪ್ಪ ಪಿವಿಸಿ ಚೀಲ ನೋಡಲು ಚೆಂದ, ಆದರೆ ಸೆಕೆಗೆ ಅದು ಬಿಡುವ ಅಂಶ ರೆಕಾರ್ಡಿಗೆ ಅಂಟಿ ಮಂಜು ಕವಿದ ಹಾಗೆ ಕಲೆಯಾಗುತ್ತದೆ, ಅದು ತೊಳೆದರೂ ಹೋಗುವುದಿಲ್ಲ. ಹೊರಚೀಲದ ಬಾಯಿಯನ್ನು ಟೇಪು ಹಾಕಿ ಮುಚ್ಚಬೇಡಿ, ಒಳಗಿನ ತೇವ ಹೊರಗೆ ಹೋಗಲಿ.

ಕಪಾಟಿನೊಳಗೆ ಒಂದು ಹೈಗ್ರೋಮೀಟರ್ ಇಡಿ. ತೇವಾಂಶ 50 ಶೇಕಡಾ ಒಳಗಿದ್ದರೆ ಉತ್ತಮ, 65 ದಾಟಿದರೆ ಬೂಸ್ಟಿಗೆ ಹಾದಿ. ಜುಲೈಯಲ್ಲಿ ಕಿಟಕಿ ತೆರೆದ ಕೋಣೆಯಲ್ಲಿ ಅದು 85 ದಾಟುವುದು ಸಾಮಾನ್ಯ. ಬಾಗಿಲು ಬಿಗಿಯಾಗಿ ಮುಚ್ಚುವ ಕಪಾಟಾದರೆ ಒಂದೊಂದು ಖಾನೆಗೆ ಅರ್ಧ ಕಿಲೋ ಸಿಲಿಕಾ ಜೆಲ್ ಬಟ್ಟೆಚೀಲದಲ್ಲಿಡಿ. ನೀಲಿ ಹರಳು ಗುಲಾಬಿಯಾದಾಗ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿದರೆ ಮತ್ತೆ ನೀಲಿಯಾಗುತ್ತದೆ. ಆ ನೀಲಿ ಬಣ್ಣ ಕೋಬಾಲ್ಟಿನದು, ವಿಷ, ಹಾಗಾಗಿ ಅಡುಗೆಯ ಬಾಣಲೆ ಬಳಸಬೇಡಿ. ನೂರರ ಮೇಲೆ ಎಲ್‌ಪಿ ಇದ್ದರೆ ಸಿಲಿಕಾ ಹುರಿಯುವುದಕ್ಕಿಂತ ಗಾಳಿಯ ತೇವ ಹೀರುವ ಡಿಹ್ಯುಮಿಡಿಫೈಯರ್ ಯಂತ್ರ ತರುವುದು ಬುದ್ಧಿವಂತಿಕೆ.

ಹಾಕುವಾಗ

ಸೂಟ್‌ಕೇಸ್ ಆಕಾರದ ಅಗ್ಗದ ಪ್ಲೇಯರಿನ ಸೂಜಿ 5 ಗ್ರಾಂ ಆಚೀಚೆ ಭಾರ ಹಾಕುತ್ತದೆ. ಮೆಟಲ್‌ನಂಥ ಜೋರು ಸದ್ದಿನ ಗೀರಿಗೆ ಅದು ಕೊಡಲಿಯೇಟು. ಆಡಿಯೊ ಟೆಕ್ನಿಕಾ ವಿಎಂ95ಇಯಂಥ ಕಾರ್ಟ್ರಿಜ್ಜಿಗೆ (ಸೂಜಿ ಹಿಡಿಯುವ ತಲೆ) ಬೇಕಾದದ್ದು 2 ಗ್ರಾಂ ಮಾತ್ರ, ಡಿಜಿಟಲ್ ತಕ್ಕಡಿಯಲ್ಲಿ ತೂಗಿ ಹೊಂದಿಸಿ. ತುಂಬ ಹಗುರ ಮಾಡಿದರೂ ಕೇಡೇ, ಸೂಜಿ ಗೀರಿನೊಳಗೆ ಕುಣಿದು ಗೋಡೆ ಕೆಡಿಸುತ್ತದೆ. ಎಲಿಪ್ಟಿಕಲ್, ಅಂದರೆ ಅಂಡಾಕಾರದ ತುದಿಯ, ಸೂಜಿಯ ಆಯುಸ್ಸು 300 ಗಂಟೆ, 40 ನಿಮಿಷದ ಆಲ್ಬಂ 450 ಸಲ ಹಾಕಿದಷ್ಟು.

ಗುಂಯ್ ಎಂಬ ಸದ್ದು ಬಂದರೆ ಟರ್ನ್‌ಟೇಬಲ್ಲಿನ ಅರ್ಥ್ ವಯರು ಆಂಪ್ಲಿಫೈಯರಿನ ಸ್ಕ್ರೂಗೆ ಬಿಗಿಯಾಗಿದೆಯೇ ನೋಡಿ, ಆಮೇಲೆ ಗೋಡೆಯ ಪ್ಲಗ್ಗಿನ ಅರ್ಥಿಂಗ್. ಕರೆಂಟು ಹೋದಾಗ ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ಓಡಿಸಬೇಡಿ, ಮೋಟರು ಬಿಸಿಯಾಗುತ್ತದೆ. ತುಲಾವರ್ಷದ ಸಂಜೆ, ಅಂದರೆ ಅಕ್ಟೋಬರ್, ನವೆಂಬರಿನಲ್ಲಿ, ಗುಡುಗು ದೂರದಲ್ಲಿ ಕೇಳಿದರೂ ಸಾಕು, ಪ್ಲಗ್ಗನ್ನು ಗೋಡೆಯಿಂದ ಕಿತ್ತುಬಿಡಿ. ಸ್ವಿಚ್ ಆಫ್ ಮಾಡಿದ್ದು ಸಿಡಿಲಿಗೆ ಲೆಕ್ಕಕ್ಕಿಲ್ಲ.